ಗೂಟಕ್ಕೆ ಹಾಕಿದ ಮಾಲೆ

ಹೋದ ಶ್ರಾವಣದವರೆಗೂ ಸೂಡಿಯಲ್ಲಿ ಬಸ್ಸಿಳಿದು ‘ಕಾಮಣಿ ಔಷಧ ಕೊಡೋರ ಮನಿ ಎಲ್ಲೈತ್ರಿ?’ ಎಂದು ಕೇಳಿದರೆ, ಊರವರು ಮೊದಲು ಕೇಳಿದವರ ಕಣ್ಣು ನೋಡುತ್ತಿದ್ದರು. ಕಣ್ಣಿನ ಬಿಳಿ ಹಳದಿಗೆ ತಿರುಗಿದ್ದರೆ ‘ಅಯ್ಯ, ಬರ್ರಿ’ ಎಂದು ತಾವೇ ಮುಂದಾಗಿ ನಡೆದು ಹಸನಬಿಯ ಮನೆಕಟ್ಟೆಯವರೆಗೆ ಬಿಟ್ಟುಬರುತ್ತಿದ್ದರು. ದಾರಿಯಲ್ಲೇ ತಮ್ಮ ಸೋದರಮಾವನಿಗೆ ಯಾವ ವರ್ಷ ಕಾಮಣಿ ಆಗಿತ್ತು, ಹಸನಬಿ ಹಾಕಿದ ಮಾಲೆ ಎಷ್ಟು ದಿನಕ್ಕೆ ಹೊಕ್ಕಳಿಗೆ ಇಳಿಯಿತು ಎಂಬ ಪುರಾಣವನ್ನೂ ಮುಗಿಸುತ್ತಿದ್ದರು. ಈಗ ಕೇಳಿದರೆ, ‘ಆ ಔಷಧ ಸತ್ತೈತ್ರಿ. ದವಾಖಾನಿಗೆ ಹೋಗ್ರಿ’ ಎನ್ನುತ್ತಾರೆ.

ಸತ್ತದ್ದು ಹೌದು. ಸಾಯಿಸಿದವಳು ಹಸನಬಿಯೇ.

ಹಸನಬಿಗೆ ಆಧಾರ್ ಕಾರ್ಡಿನ ಪ್ರಕಾರ ಐವತ್ತೆಂಟು, ಅವಳ ಮೊಣಕಾಲಿನ ಪ್ರಕಾರ ಎಂಬತ್ತು. ನದಾಫರ ಮನೆತನ. ಗಂಡ ಇಮಾಮಸಾಬ ಅರಳೆ ಹಿಂಜಿ ಗಾದಿ ಹೊಲಿಯುವವನು. ಮದುವೆಯ ಸುಗ್ಗಿ ಬಂತೆಂದರೆ ನರೇಗಲ್ಲು, ಗಜೇಂದ್ರಗಡ ಅಂತ ತನ್ನ ಹಳೆಯ ಟಿವಿಎಸ್ ಗಾಡಿಯ ಮೇಲೆ ಗಾದಿ ಹೇರಿಕೊಂಡು ಅಡ್ಡಾಡುತ್ತಾನೆ. ಮನೆಯಲ್ಲಿ ಅರಳೆಯ ದೂಳು ಯಾವಾಗಲೂ ಹಾರಾಡುತ್ತಿರುವುದರಿಂದ ಇಬ್ಬರೂ ಮಾತಿಗೊಮ್ಮೆ ಕೆಮ್ಮುತ್ತಾರೆ. ಹೊಟ್ಟೆಬಟ್ಟೆಗೆ ಗಾದಿ, ಮರ್ಯಾದೆಗೆ ಔಷಧ — ಹೀಗೆ ಆ ಮನೆ ನಡೆಯುತ್ತಿತ್ತು.

ಔಷಧದ ಕ್ರಮ ಹೀಗಿತ್ತು. ಶನಿವಾರ ಹೊತ್ತು ಮುಳುಗುವ ಮುಂಚೆ ಊರಾಚೆಯ ಎರೆಹೊಲದ ಬದುವಿಗೆ ಹೋಗಬೇಕು. ಹೋಗುವಾಗ ಬರುವಾಗ ಯಾರೊಂದಿಗೂ ಮಾತಾಡಬಾರದು. ಬದುವಿನ ಮೇಲೆ ಬೆಳೆದ ಒಂದು ಗಿಡವನ್ನು ಕಿತ್ತು ಸೆರಗಿನಲ್ಲಿ ಮುಚ್ಚಿ ತರಬೇಕು. ಅದರ ಎಲೆಯನ್ನು ರವಿವಾರ ಬೆಳಿಗ್ಗೆ ಒಳಕಲ್ಲಿನಲ್ಲಿ ಅರೆದು ಮಜ್ಜಿಗೆಯಲ್ಲಿ ಕದಡಿ, ಬರಿಹೊಟ್ಟೆಯಲ್ಲಿ ಬಂದವರಿಗೆ ಒಂದೊಂದು ಬಟ್ಟಲು ಕುಡಿಸಬೇಕು. ಅದೇ ಗಿಡದ ಹಸಿ ಕಡ್ಡಿಯನ್ನು ಉಗುರಿನಷ್ಟು ಉದ್ದಕ್ಕೆ ಇಪ್ಪತ್ತೊಂದು ಚೂರು ಮಾಡಿ, ಇಮಾಮಸಾಬನ ಅರಳೆಯಿಂದ ಹೊಸೆದ ದಾರದಲ್ಲಿ ಒಂದೊಂದನ್ನೂ ಕುಣಿಕೆ ಹಾಕಿ ಬಿಗಿದು ಮಾಲೆ ಕಟ್ಟಬೇಕು. ಮಾಲೆ ತಲೆಯಲ್ಲಿ ತೂರಿ ಕೊರಳಿಗೆ ಬರುವಷ್ಟೇ ಅಳತೆ. ದಿನ ಹೋದಂತೆ ಅದು ಉದ್ದವಾಗುತ್ತದೆ. ಕೊರಳಿನಿಂದ ಎದೆಗೆ, ಎದೆಯಿಂದ ಹೊಕ್ಕಳಿಗೆ ಇಳಿಯುತ್ತದೆ. ಮಾಲೆ ಇಳಿದಂತೆ ಕಾಮಣಿಯೂ ಇಳಿಯುತ್ತದೆ. ಅಲ್ಲಿಯತನಕ ಎಣ್ಣೆ ಇಲ್ಲ, ಖಾರ ಇಲ್ಲ, ಜೋಳದ ಗಂಜಿ ಮಜ್ಜಿಗೆಯೇ ಗತಿ. ಔಷಧಕ್ಕೆ ದುಡ್ಡು ಮುಟ್ಟುವಂತಿಲ್ಲ. ಬೇಕಾದರೆ ದರ್ಗಾದ ಹೆಸರಿಗೆ ಒಂದು ಹೆಂಟೆ ಬೆಲ್ಲ ಇಟ್ಟು ಹೋಗಬಹುದು.

ಇದನ್ನೆಲ್ಲ ಹಸನಬಿಗೆ ದಾಟಿಸಿದವಳು ಅತ್ತೆ ಖತೀಜಾಬಿ. ಸಾಯುವ ಹಿಂದಿನ ವಾರ ಸೊಸೆಯನ್ನು ಹತ್ತಿರ ಕರೆದು, ಕಿವಿಗೆ ಬಾಯಿ ಹಚ್ಚಿ, ಗಿಡದ ಹೆಸರು ಒಂದೇ ಒಂದು ಸಲ ಹೇಳಿದ್ದಳು.

“ಎರಡ ಮಾತು ನೆನಪಿಡು. ಕೇಳಿ ಬಂದೋರಿಗೆ ಇಲ್ಲ ಅನಬ್ಯಾಡ. ಗಿಡದ ಹೆಸರು ಬಾಯಿಬಿಟ್ಟು ಹೇಳಬ್ಯಾಡ. ನಾಕ ಮಂದಿ ಕಿವೀಗೆ ಬಿತ್ತಂದ್ರ ಔಷಧ ನಿನ್ನ ಕೈಯಾಗ ಸಾಯ್ತೈತಿ. ಆಮ್ಯಾಲ ನೀ ಅಮೃತಾ ಕೊಟ್ರೂ ಹತ್ತೂದಿಲ್ಲ.”

ಹಸನಬಿ ಇಪ್ಪತ್ತೆರಡು ವರ್ಷ ಆ ಎರಡೂ ಮಾತು ಪಾಲಿಸಿದಳು. ಮಗಳನ್ನು ಕೊಟ್ಟ ಊರಿಗೆ ಹೋದರೂ ಶನಿವಾರದೊಳಗೆ ವಾಪಸು ಬಂದುಬಿಡುತ್ತಿದ್ದಳು. ಗಜೇಂದ್ರಗಡದ ಬಸ್ಸು ಹತ್ತಿದರೆ ಯಾರಾದರೊಬ್ಬರು ಎದ್ದು ‘ಬರ್ರಿ ಹಸನಮ್ಮ, ಕುಂದರ್ರಿ’ ಎಂದು ಸೀಟು ಬಿಡುತ್ತಿದ್ದರು. ಗಾದಿ ಹೊಲಿಯುವವನ ಹೆಂಡತಿಗೆ ಯಾರು ಸೀಟು ಬಿಡುತ್ತಾರೆ? ಅವಳು ಮುಜುಗರಪಟ್ಟವಳಂತೆ ಸೆರಗು ಎಳೆದುಕೊಂಡು, ಆದರೆ ಒಂದು ಸಲವೂ ಬೇಡವೆನ್ನದೆ, ಕೂಡುತ್ತಿದ್ದಳು.

ಕೆಟ್ಟದ್ದು ನಾಲ್ಕು ವರ್ಷದ ಹಿಂದೆ, ಒಂದು ಶನಿವಾರ. ಮೂರು ದಿನ ಜಿಟಿಜಿಟಿ ಮಳೆ ಹಿಡಿದಿತ್ತು. ಎರೆಹೊಲದ ಕೆಸರು ತುಳಿದವರಿಗೆ ಗೊತ್ತು, ಹೆಜ್ಜೆಗೊಂದು ಸೇರು ಮಣ್ಣು ಕಾಲಿಗೆ ಮೆತ್ತಿಕೊಂಡು ಮೇಲೇಳಲು ಬಿಡುವುದಿಲ್ಲ. ಹಸನಬಿಯ ಎಡಮೊಣಕಾಲು ಗುಮ್ಮಟದ ಹಾಗೆ ಊದಿಕೊಂಡಿತ್ತು. ಬಾಗಿಲತನಕ ಹೋದಳು, ಹೊಸ್ತಿಲ ಮೇಲೆ ನಿಂತಳು, ವಾಪಸು ಬಂದಳು. ಬೆಳಗಾದರೆ ಒಂಬತ್ತು ಮಂದಿ ಬರುವವರಿದ್ದರು. ಕೇಳಿ ಬಂದವರಿಗೆ ಇಲ್ಲ ಅನಬೇಡವೆಂದು ಅತ್ತೆ ಹೇಳಿದ್ದಳು. ಹಿತ್ತಲಲ್ಲಿ ಮೆಂತ್ಯದ ಮಡಿ ಇತ್ತು, ಗೋಡೆಯ ಬುಡದಲ್ಲಿ ಉತ್ತರಾಣಿ ಬೆಳೆದಿತ್ತು. ಇದೊಂದು ವಾರ, ಎಂದುಕೊಂಡಳು. ಮೆಂತ್ಯದ ಎಲೆ ಅರೆದು ಮಜ್ಜಿಗೆಯಲ್ಲಿ ಕದಡಿದಳು, ಉತ್ತರಾಣಿಯ ಕಡ್ಡಿ ಕತ್ತರಿಸಿ ಮಾಲೆ ಕಟ್ಟಿದಳು.

ಒಂಬತ್ತಕ್ಕೆ ಒಂಬತ್ತೂ ಮಂದಿ ಗುಣವಾದರು.

ಮುಂದಿನ ಶನಿವಾರ ಬದು ಒಣಗಿತ್ತು. ಆದರೆ ಮೊಣಕಾಲು ನೋಯುತ್ತಿತ್ತು. ಅದರ ಮುಂದಿನ ಶನಿವಾರ ಮೊಣಕಾಲೂ ಅಷ್ಟಾಗಿ ನೋಯುತ್ತಿರಲಿಲ್ಲ, ಆದರೂ ಹೋಗಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಊರವರೆಲ್ಲ ಹೇಳುತ್ತಾರೆ. ಅವರೇ ಬಂದು ಹಸನಬಿಯ ಹಿತ್ತಲ ಗಿಡವನ್ನು ಬಟ್ಟಲುಗಟ್ಟಲೆ ಕುಡಿದು, ಹೊಟ್ಟೆ ಸವರಿಕೊಂಡು ಹೋದರು.

ಅವಳಿಗೆ ಅನುಮಾನ ಹುಟ್ಟಿದ್ದು ಆಗಲೇ. ಒಂದು ರವಿವಾರ ಹೆಚ್ಚಾಗಿ ಉಳಿದ ಮಾಲೆಯೊಂದನ್ನು ಗಾದಿ ಹೊಲಿಯುವ ಕೋಣೆಯ ಗೂಟಕ್ಕೆ ತೂಗುಹಾಕಿ, ಅದರ ತುದಿ ಮುಟ್ಟಿದಲ್ಲಿ ಗೋಡೆಗೆ ಇದ್ದಲಿನಿಂದ ಗೆರೆ ಎಳೆದಳು. ಗುರುವಾರ ನೋಡಿದರೆ ಮಾಲೆ ಗೆರೆ ದಾಟಿ ಒಂದು ಗೇಣು ಕೆಳಗಿಳಿದಿತ್ತು. ಮುಟ್ಟಿ ನೋಡಿದಳು. ಕಡ್ಡಿ ಒಣಗಿ ಸೊರಗಿದ್ದವು. ಬಿಗಿದ ಕುಣಿಕೆಗಳು ಸಡಿಲಾಗಿ ದಾರ ಬಿಟ್ಟುಕೊಟ್ಟಿತ್ತು. ಇಷ್ಟೇ. ಹಸಿ ಕಡ್ಡಿ ಯಾವುದಾದರೇನು, ಒಣಗಲೇಬೇಕು. ಒಣಗಿದರೆ ಮಾಲೆ ಇಳಿಯಲೇಬೇಕು.

ಹಿಂದಿನಿಂದ ಇಮಾಮಸಾಬ ನೋಡುತ್ತಿದ್ದವನು, ಸೂಜಿಯನ್ನು ಬಾಯಲ್ಲಿ ಕಚ್ಚಿಕೊಂಡೇ ಕೇಳಿದ: “ಏನs, ಗೂಟಕ್ಕೂ ಕಾಮಣಿ ಆಗಿತ್ತೇನು?”

ಅವಳು ನಗಲಿಲ್ಲ. ಮಾಲೆಯನ್ನು ಕಿತ್ತು ಒಲೆಗೆ ಹಾಕಿದಳು. ಅವನೂ ಮತ್ತೆ ಆ ಮಾತೆತ್ತಲಿಲ್ಲ. ಅವಳಿಗೆ ನಾಚಿಕೆಯಾದದ್ದು ತಾನು ಮೋಸ ಮಾಡಿದೆನೆಂದು ಮಾತ್ರವಲ್ಲ. ಅತ್ತೆಯ ಮಾಲೆಯೂ ಹೀಗೇ ಇಳಿಯುತ್ತಿತ್ತೇ ಎಂಬ ಪ್ರಶ್ನೆ ಬಂದು, ಹಾಗೆ ಯೋಚಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು. ಕಾಮಣಿ ಬಹಳ ಮಂದಿಗೆ ಪಥ್ಯದಿಂದ, ವಿಶ್ರಾಂತಿಯಿಂದ ತಾನಾಗಿಯೇ ಹೋಗುತ್ತದೆಂದು ಒಮ್ಮೆ ಆಶಾ ಕಾರ್ಯಕರ್ತೆ ಕಟ್ಟೆಯ ಮೇಲೆ ಕೂತು ಹೇಳಿದ್ದಳು. ಆ ದಿನ ಹಸನಬಿ ಅವಳಿಗೆ ಚಹಾ ಕೊಡದೆ ಕಳಿಸಿದ್ದಳು.

ಬಿಡುವ ದಾರಿ ಗೊತ್ತಿರಲಿಲ್ಲ ಎಂದಲ್ಲ. ನಾಲ್ಕು ಮಂದಿಯ ಎದುರು ಗಿಡದ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಔಷಧ ಸತ್ತಿತೆಂದು ಊರೇ ನಂಬುತ್ತಿತ್ತು, ಬರುವವರು ದವಾಖಾನೆಯ ದಾರಿ ಹಿಡಿಯುತ್ತಿದ್ದರು. ಒಂದೇ ಒಂದು ಮಾತು. ಆದರೆ ಆ ಮಾತಿನ ಜೊತೆ ಅತ್ತೆಯ ಹೆಸರು ಹೋಗುತ್ತಿತ್ತು, ಬಸ್ಸಿನ ಸೀಟೂ ಹೋಗುತ್ತಿತ್ತು. ಯಾವುದಕ್ಕೆ ಹೆಚ್ಚು ಅಂಜಿದಳೆಂದು ಕೇಳಿದರೆ ಅವಳು ಇವತ್ತಿಗೂ ಅತ್ತೆಯ ಹೆಸರನ್ನೇ ಹೇಳುತ್ತಾಳೆ. ನಂಬುವವರು ನಂಬಲಿ.

ಹೀಗೆ ನಾಲ್ಕು ವರ್ಷ ಹೋಯಿತು. ಹೋದ ಶ್ರಾವಣದಲ್ಲಿ ಭಾರತಿ ಬಂದಳು.

ಭಾರತಿ ಪಕ್ಕದ ಮನೆಯ ದ್ಯಾಮಪ್ಪನ ಮಗಳು. ಎರಡೂ ಮನೆಯ ನಡುವೆ ಎದೆಯೆತ್ತರದ ಒಂದು ಮಣ್ಣಗೋಡೆ. ಆ ಗೋಡೆ ಹತ್ತಿ ಇಳಿದೇ ಅವಳು ದೊಡ್ಡವಳಾದದ್ದು. ಸಣ್ಣವಳಿದ್ದಾಗ ಅರಳೆಯ ರಾಶಿಯಲ್ಲಿ ಹೊರಳಾಡಿ, ತಲೆತುಂಬ ಅರಳೆ ಮೆತ್ತಿಕೊಂಡು ‘ಹಸನಮ್ಮ, ನಾ ಮುದುಕಿ ಆಗೇನಿ ನೋಡು’ ಎನ್ನುತ್ತಿದ್ದಳು. ರೋಣಕ್ಕೆ ಮದುವೆಮಾಡಿ ಕೊಟ್ಟಿದ್ದರು. ಚೊಚ್ಚಲ ಬಸಿರು, ಎಂಟರಲ್ಲಿ ಬಿದ್ದಿತ್ತು. ಬಾಣಂತನಕ್ಕೆ ತವರಿಗೆ ಬಂದು ಹದಿನೈದು ದಿನವೂ ಆಗಿರಲಿಲ್ಲ.

ಆ ರವಿವಾರ ಕಟ್ಟೆಯ ಮೇಲೆ ಐದಾರು ಮಂದಿ ಬಟ್ಟಲು ಹಿಡಿದು ಕೂತಿದ್ದರು. ತಾಯಿ ಅನ್ನಪೂರ್ಣವ್ವ ಮಗಳ ರಟ್ಟೆ ಹಿಡಿದು ಕರೆದುಕೊಂಡು ಬಂದಳು.

“ಹಸನಕ್ಕ, ಇಕಿ ಕಣ್ಣ ನೋಡು ಒಂದೀಟು. ಎರಡ ದಿನದಿಂದ ಅನ್ನ ಸೇರವಲ್ದು. ಆಶಾದಾಕಿ ರಕ್ತ ತೋರಸ್ರಿ ಅಂತ ಚೀಟಿ ಬರದಕೊಟ್ಟಾಳ. ನಾ ಅಂದೆ, ಐತವಾರ ಎದುರಿಗೇ ಐತಿ, ಮೊದಲ ಹಸನಕ್ಕನ ಮಾಲಿ ಬೀಳ್ಲಿ, ಆಮ್ಯಾಲ ನೋಡೂಣು ಅಂತ.”

ಚೀಟಿ ಅವಳ ಎಲೆಅಡಿಕೆಯ ಸಂಚಿಯಲ್ಲಿತ್ತು. ಸುಣ್ಣದ ಕಲೆಯಾಗಿತ್ತು.

ಹಸನಬಿ ಭಾರತಿಯ ಕೆಳರೆಪ್ಪೆ ಎಳೆದು ನೋಡಿದಳು. ಹಳದಿ ಕಣ್ಣು ಅವಳಿಗೆ ಹೊಸದಲ್ಲ. ಆದರೆ ಕೈಕೆಳಗೆ ಆ ಹುಡುಗಿಯ ಹೊಟ್ಟೆ ತಗುಲಿ, ಒಳಗೆ ಕೂಸು ಒದ್ದದ್ದು ತಿಳಿಯಿತು. ಅವಳ ಕೈ ಸುಟ್ಟಂತೆ ಹಿಂದಕ್ಕೆ ಬಂತು.

“ಅನ್ನಪೂರ್ಣಿ, ಬಸರಿ ಹೆಂಗಸು. ದವಾಖಾನಿಗೇ ಕರಕೊಂಡ ಹೋಗವಾ” ಎಂದಳು, ತನಗೇ ಕೇಳಿಸದಷ್ಟು ಮೆಲ್ಲಗೆ.

“ಏ, ಏನ ಮಾತಾಡ್ತಿ? ಇಕಿ ನನ್ನ ಹೊಟ್ಟ್ಯಾಗಿದ್ದಾಗ ನನಗ ಕಾಮಣಿ ಆಗಿದ್ದಿಲ್ಲೇನು? ನಿಮ್ಮ ಅತ್ತಿ ಹಾಕಿದ ಮಾಲಿಲೇ ಉಳದೀವಿ ಇಬ್ಬರೂ. ಇಕಿ ಹುಟ್ಟಿದ್ದs ನಿಮ್ಮನಿ ಔಷಧದಾಗ.”

ಕಟ್ಟೆಯ ಮೇಲಿದ್ದವರು ‘ಹೌದ್ರಿ ಹೌದ್ರಿ’ ಎಂದರು. ಭಾರತಿ ನಕ್ಕು ತಲೆ ಬಗ್ಗಿಸಿದಳು, ಮಾಲೆ ಹಾಕಿಸಿಕೊಳ್ಳಲು.

ಆ ಗಳಿಗೆಯಲ್ಲಿ ಗಿಡದ ಹೆಸರು ಹಸನಬಿಯ ಬಾಯಿಗೆ ಬಂದಿತ್ತು. ನಾಲಿಗೆಯ ಮೇಲೆ ಬಂದು ಕೂತಿತ್ತು. ಎದುರಿಗೆ ಆರು ಮಂದಿ. ಹೇಳಿದ್ದರೆ ಅಲ್ಲಿಗೇ ಔಷಧ ಸತ್ತು, ಅನ್ನಪೂರ್ಣವ್ವ ಅತ್ತೂ ಬೈದೂ ಮಧ್ಯಾಹ್ನದ ಬಸ್ಸಿಗೆ ಮಗಳನ್ನು ಹತ್ತಿಸುತ್ತಿದ್ದಳು. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವಳ ಹಾಗೆ ಹಸನಬಿ ಒದ್ದಾಡಿದಳು. ಆಮೇಲೆ ನುಂಗಿದಳು. ಎಲ್ಲರಿಗೂ ಆದದ್ದು ಇವಳಿಗೂ ಆದೀತು ಎಂದು ತನಗೆ ತಾನೇ ಹೇಳಿಕೊಂಡು, ಮೆಂತ್ಯದ ಮಜ್ಜಿಗೆ ಕುಡಿಸಿ, ಉತ್ತರಾಣಿಯ ಮಾಲೆಯನ್ನು ಆ ಬಗ್ಗಿದ ತಲೆಗೆ ತೂರಿಸಿದಳು.

“ಬಿಸ್ಮಿಲ್ಲಾ ಅಂದೇನು ಹಸನಮ್ಮ?” ಎಂದಳು ಭಾರತಿ. ಸಣ್ಣವಳಿದ್ದಾಗಿನಿಂದ ಅವಳಿಗೆ ಇದೊಂದು ಚೇಷ್ಟೆ.

“ಅಂದೆವಾ” ಎಂದಳು ಹಸನಬಿ. ಅಂದಿರಲಿಲ್ಲ. ಅಲ್ಲಾಹನ ಹೆಸರನ್ನು ಅದರಲ್ಲಿ ಸೇರಿಸಲು ನಾಲ್ಕು ವರ್ಷದಿಂದ ಅವಳಿಗೆ ಧೈರ್ಯ ಬಂದಿರಲಿಲ್ಲ.

ಸೋಮವಾರ ಗೋಡೆಯಾಚೆಯಿಂದ ಅನ್ನಪೂರ್ಣವ್ವ ಕೂಗಿ ಹೇಳಿದಳು: ಮಾಲೆ ಎರಡು ಬೆರಳು ಇಳಿದಿದೆ. ಮಂಗಳವಾರ, ನಾಲ್ಕು ಬೆರಳು. ಬುಧವಾರ ಎದೆಗೆ ಬಂತು. ಅವಳು ದಿನಾ ಬೆಳಿಗ್ಗೆ ಮಗಳನ್ನು ಗೋಡೆಗೆ ಆನಿಸಿ ನಿಲ್ಲಿಸಿ ಬೆರಳಿಟ್ಟು ಅಳೆಯುತ್ತಿದ್ದಳು. ಅಳೆದದ್ದು ಮಾಲೆಯನ್ನು. ಮಗಳ ಮುಖವನ್ನು ಅವಳು ನೋಡಲಿಲ್ಲ.

ನೋಡಿದವಳು ಹಸನಬಿ. ಗೋಡೆಯಾಚೆ ಭಾರತಿ ಮೈಕೈ ಕೆರೆದುಕೊಳ್ಳುತ್ತಿದ್ದಳು. ವಾಂತಿ ಮಾಡುತ್ತಿದ್ದಳು. ಬುಧವಾರ ಸಂಜೆ ಕೂತಲ್ಲೇ ತೂಕಡಿಸುತ್ತಿದ್ದಳು. ಅವರ ಅಂಗಳದಲ್ಲಿ ಯಾರಾದರೂ ‘ಹಸನಕ್ಕ’ ಎಂದರೆ ಸಾಕು, ಹಸನಬಿ ಒಳಗೆ ಸರಿದು ನಿಲ್ಲುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ಅವಳದು. ಇಲ್ಲಿ ಕಳ್ಳ ಎಂದವರೂ ಯಾರೂ ಇರಲಿಲ್ಲ.

ಗುರುವಾರ ಮಧ್ಯಾಹ್ನ ಹಸನಬಿ ರೊಟ್ಟಿ ಕೊಡುವ ನೆಪ ಮಾಡಿ ಆ ಮನೆಗೆ ಹೋದಳು. ಭಾರತಿ ಚಾಪೆಯ ಮೇಲೆ ಮಲಗಿದ್ದಳು. ಕಣ್ಣು ಅರಿಶಿನ ಕಲಸಿದಂತಿತ್ತು. ಹಸನಬಿಯನ್ನು ನೋಡಿ, “ಅತ್ತೀ, ಬಸ್ ಬಂತೇನ್ರಿ?” ಎಂದಳು. ರೋಣದ ಅತ್ತೆ ಎಂದು ತಿಳಿದಿದ್ದಳು.

“ನಿದ್ದಿಗಣ್ಣು ಅಕೀದು” ಎಂದಳು ಅನ್ನಪೂರ್ಣವ್ವ. “ಮಾಲಿ ನೋಡು ಹಸನಕ್ಕ, ಎದಿ ದಾಟೇತಿ. ಇನ್ನೆರಡ ದಿನಕ್ಕ ಹೊಕ್ಕಳಾ ಮುಟ್ತೈತಿ.”

ಇದ್ದಲ ಗೆರೆ ದಾಟಿ ಒಂದು ಗೇಣು ಇಳಿದ ಆ ಮಾಲೆ, ಆ ಗೂಟ, ಹಸನಬಿಯ ಕಣ್ಣಮುಂದೆ ಬಂತು. ಅವಳು ಬಗ್ಗಿ ಭಾರತಿಯ ಕೊರಳಿನ ಮಾಲೆಗೆ ಕೈಹಾಕಿ ಎಳೆದಳು. ಹೊಸೆದ ದಾರ ಗಟ್ಟಿ, ಒಮ್ಮೆಗೇ ಹರಿಯಲಿಲ್ಲ. ಎರಡನೇ ಸಲ ಎಳೆದಾಗ ಕಡ್ಡಿಯ ಚೂರುಗಳು ಚಾಪೆಯ ಮೇಲೆಲ್ಲ ಚೆಲ್ಲಿದವು.

“ಸುಳ್ಳ ಇದು, ಅನ್ನಪೂರ್ಣಿ! ಔಷಧ ಅಲ್ಲ ಇದು. ಗೂಟಕ್ಕ ಹಾಕಿದ್ರೂ ಇಳೀತೈತಿ, ನಾ ಹಾಕಿ ನೋಡೇನಿ. ಏಳು, ಗದಗಿಗೆ ಒಯ್ಯಿ ಹುಡುಗೀನ, ಈಗಿಂದೀಗ ಒಯ್ಯಿ!”

ಅನ್ನಪೂರ್ಣವ್ವ ಚೀರಿದಳು. ಅವಳು ಚೀರಿದ್ದು ಹಸನಬಿಯ ಮಾತು ಕೇಳಿ ಅಲ್ಲ, ಮಾಲೆ ಹರಿದದ್ದು ನೋಡಿ. ಇಳಿಯುತ್ತಿರುವ ಮಾಲೆಯನ್ನು ನಡುವೆ ಹರಿದರೆ ಇಳಿದ ಕಾಮಣಿ ತಿರುಗಿ ಏರುತ್ತದೆಂಬುದು ಅಲ್ಲಿಯ ಮಕ್ಕಳಿಗೂ ಗೊತ್ತು. ಚೀರಾಟ ಕೇಳಿ ದ್ಯಾಮಪ್ಪ ದನದ ಕೊಟ್ಟಿಗೆಯಿಂದ ಓಡಿಬಂದ. ಚೆಲ್ಲಿದ ಚೂರು ನೋಡಿದ, ಮಗಳನ್ನು ನೋಡಿದ. “ಇನ್ನ ಮಾಲಿ ಇಲ್ಲ ಅಂದಮ್ಯಾಲ ದವಾಖಾನಿನೇ ಗತಿ” ಎಂದು ಸಿಟ್ಟಿನಲ್ಲೇ ಫೋನು ತೆಗೆದು ಕ್ರೂಸರ್ ಗಾಡಿಯವನನ್ನು ಕರೆಸಿದ. ಹಸನಬಿ ಗಾಡಿ ಹತ್ತಲು ಹೋದಾಗ, “ನೀ ಬರಬ್ಯಾಡ” ಎಂದು ಬಾಗಿಲು ಹಾಕಿದ.

ಶುಕ್ರವಾರ ಸುದ್ದಿ ಬಂತು. ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಗಂಡು ಕೂಸು. ಭಾರತಿಗೆ ಪ್ರಜ್ಞೆ ಇರಲಿಲ್ಲ.

ಆರು ದಿನ ಹಾಗೇ ಇದ್ದು ಏಳನೆಯ ದಿನ ಅವಳು ಕಣ್ಣುಬಿಟ್ಟಳು. ಆ ಆರು ದಿನ ಹಸನಬಿ ಏನು ಉಂಡಳೋ ಇಮಾಮಸಾಬನಿಗೂ ತಿಳಿಯದು. ನಮಾಜಿಗೆ ಕೂತರೆ ಮೇಲೇಳುತ್ತಿರಲಿಲ್ಲ. ಏನು ಕೇಳಿಕೊಳ್ಳಬೇಕೆಂದೇ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಭಾರತಿ ಉಳಿಯಲಿ ಎಂದು ಕೇಳಿಕೊಂಡರೆ, ಉಳಿದು ಬಂದ ಭಾರತಿಯ ಮುಖ ಹೇಗೆ ನೋಡಲಿ ಎಂಬ ಅಂಜಿಕೆಯೂ ಹಿಂದೆಯೇ ಬರುತ್ತಿತ್ತು. ಅಂಥ ಹೊತ್ತಿನಲ್ಲೂ ತನ್ನ ಮುಖದ ಚಿಂತೆ ಬಂದದ್ದಕ್ಕೆ ಅವಳು ಕೆನ್ನೆಗೆ ಹೊಡೆದುಕೊಂಡಳು.

ಕ್ರೂಸರ್ ಗಾಡಿಯವನು ಇಮಾಮಸಾಬನಿಗೆ ಹೇಳಿದ್ದ: “ಡಾಕ್ಟರ್ ಭಾಳ ಸಿಟ್ಟಾದ್ರು ಕಾಕಾ. ‘ನಾಕ ದಿನ ಎಲ್ಲಿದ್ರಿ? ಐತವಾರನs ಬಂದಿದ್ರ ಎರಡೂ ಜೀವಾ ಉಳಸಾಕ ನೋಡ್ತಿದ್ವಿ’ ಅಂದ್ರು.” ಇಮಾಮಸಾಬ ಇದನ್ನು ಹೆಂಡತಿಗೆ ಹೇಳಬಾರದೆಂದುಕೊಂಡಿದ್ದ. ಆದರೆ ಆ ಮನುಷ್ಯನಿಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಹೇಳಿದ ಮೇಲೆ ಅವನೇ ಅಳುತ್ತ ಕೂತ. “ನಾನರs ಅವತ್ತ ನಗಚಾಟಕಿ ಮಾಡೂ ಬದಲಿ ಬೈಬೇಕಾಗಿತ್ತು” ಎಂದ.

ಊರು ಮಾತ್ರ ಬೇರೆಯೇ ತೀರ್ಪು ಕೊಟ್ಟಿತು. ತಾಯಿ ಉಳಿದದ್ದು ಎದೆಯತನಕ ಇಳಿದ ಮಾಲೆಯಿಂದ. ಕೂಸು ಹೋದದ್ದು ಮಾಲೆ ನಡುವೆ ಹರಿದದ್ದರಿಂದ. ಕಟ್ಟಿದ್ದಕ್ಕೆ ಹೊಗಳಿಕೆ, ಹರಿದದ್ದಕ್ಕೆ ಬೈಗುಳ. ಈ ಇಡೀ ವಿಚಾರದಲ್ಲಿ ಹಸನಬಿ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸವನ್ನು ಊರು ಆರಿಸಿ ತೆಗೆದು ಅದಕ್ಕೇ ಉಗುಳಿತು.

ಅನ್ನಪೂರ್ಣವ್ವ ಗೋಡೆಯಾಚೆ ನಿಂತು ಕೇಳಿದ್ದೂ ಅದನ್ನೇ. “ಯಾಕ ಹರದಿ ಹಸನಕ್ಕ? ನಿನಗ ಆವತ್ತ ಏನ ಬಡದಿತ್ತು? ಹರೀಲಿಲ್ಲಂದ್ರ ನನ್ನ ಮೊಮ್ಮಗ ಉಳೀತಿದ್ದ.”

“ಅದು ಮೆಂತೇದ ಸೊಪ್ಪಿತ್ತವಾ” ಎಂದಳು ಹಸನಬಿ. “ನಾಕ ವರ್ಷದಿಂದ ನಾ ಖರೇ ಗಿಡಾ ತಂದs ಇಲ್ಲ. ಹರದಿದ್ದಲ್ಲ ನನ್ನ ತಪ್ಪು, ಹಾಕಿದ್ದು.”

“ತಲಿ ಕೆಟ್ಟೈತಿ ನಿನಗ, ಸಂಕಟಕ್ಕ ಏನೇನರs ಮಾತಾಡಾಕತ್ತಿ” ಎಂದು ಅನ್ನಪೂರ್ಣವ್ವ ಕಣ್ಣೊರೆಸಿಕೊಂಡು ಒಳಗೆ ಹೋದಳು. ನಾಲ್ಕು ವರ್ಷದಲ್ಲಿ ಆ ಕಟ್ಟೆಯಿಂದ ಗುಣವಾಗಿ ಹೋದವರು ನೂರಾರು ಮಂದಿ. ಅಷ್ಟೂ ಜನ ಮೆಂತ್ಯ ಕುಡಿದು ಗುಣವಾದರೆಂದರೆ ಯಾರು ನಂಬುತ್ತಾರೆ? ನಿಜ ಹೇಳಿದರೂ ಹಸನಬಿಗೆ ತಪ್ಪಿತಸ್ಥಳಾಗುವ ಭಾಗ್ಯ ಸಿಗಲಿಲ್ಲ.

ಎರಡು ರವಿವಾರ ಜ್ವರವೆಂದು ಹೇಳಿ ಬಾಗಿಲು ಹಾಕಿಕೊಂಡಳು. ಮೂರನೆಯ ರವಿವಾರ ಬೆಳಗಾಗುವುದರೊಳಗೆ ಕಟ್ಟೆ ತುಂಬಿತ್ತು. ನರೇಗಲ್ಲಿನವನೊಬ್ಬ ಐದು ವರ್ಷದ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದಿದ್ದ. ಹುಡುಗಿಯ ಕಣ್ಣು ಹಳದಿ, ತುಟಿ ಒಣಗಿತ್ತು. ಅವನ ಅಂಗಿಯ ಕಿಸೆಯಲ್ಲಿ ದವಾಖಾನೆಯ ಕಾಗದ ಇಣುಕುತ್ತಿತ್ತು. ರೋಣದಿಂದ ಅರ್ಜುನಪ್ಪ ಎಂಬ ಮುದುಕ ಬಂದಿದ್ದ. ಖತೀಜಾಬಿಯ ಕಾಲದಿಂದ ತನ್ನ ಮನೆಯವರಿಗೆಲ್ಲ ಇಲ್ಲೇ ಔಷಧ ಕೊಡಿಸಿದವನು. ಗೋಡೆಯಾಚೆ ತನ್ನ ಮನೆಯ ಹೊಸ್ತಿಲಲ್ಲಿ ಭಾರತಿ ಕೂತಿದ್ದಳು. ದವಾಖಾನೆಯಿಂದ ಬಂದು ಮೂರು ದಿನವಾಗಿತ್ತು. ಬಾಣಂತಿಯ ಹಾಗೆ ಕಿವಿ ಮುಚ್ಚಿ ತಲೆಗೆ ಬಟ್ಟೆ ಕಟ್ಟಿದ್ದರು. ಮಡಿಲಲ್ಲಿ ಏನೂ ಇರಲಿಲ್ಲ.

ಹಸನಬಿ ಹೊರಗೆ ಬಂದಳು. ಕೈಯಲ್ಲಿ ಬಟ್ಟಲಿರಲಿಲ್ಲ, ಮಾಲೆಯಿರಲಿಲ್ಲ.

“ಇಕೀಗೆ ಮೊದಲ ಹಾಕ್ರಿ ಅಮ್ಮಾರ” ಎಂದ ನರೇಗಲ್ಲಿನವನು. “ಡಾಕ್ಟರ್ ಏನೋ ತಪಾಸಣಿ ಬರದಾರ. ನಮ್ಮವ್ವ ಅಂದ್ಳು, ಮೊದಲ ಹಸನಮ್ಮನ ಹಂತೇಕ ಹೋಗ್ರಿ, ಮಾಲಿ ಬಿದ್ದಮ್ಯಾಲ ಉಳಿದಿದ್ದು ಅಂತ.”

ಹಸನಬಿ ಆ ಹುಡುಗಿಯ ಕಣ್ಣನ್ನು ನೋಡಿದಳು. ಆಮೇಲೆ ಕಟ್ಟೆಯ ನಡುವೆ ನಿಂತು, ಮಸೀದಿಯತನಕ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

“ನೆಲನೆಲ್ಲಿ.”

ಯಾರಿಗೂ ತಕ್ಷಣ ತಿಳಿಯಲಿಲ್ಲ. ಅರ್ಜುನಪ್ಪನಿಗೆ ತಿಳಿಯಿತು. ಅವನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ.

“ಏನ ಮಾಡಿದಿ ತಾಯೀ! ಬಾಯಿ ಬಿಟ್ಯೆಲ್ಲ!”

“ನಮ್ಮ ಔಷಧದ ಗಿಡಾ ನೆಲನೆಲ್ಲಿ” ಎಂದಳು ಮತ್ತೆ, ಒಬ್ಬೊಬ್ಬರ ಮುಖ ನೋಡುತ್ತ. “ಬದುವಿನ ಮ್ಯಾಲೆ ಬೆಳೀತಿತ್ತು. ಎಲ್ಲಾರೂ ಕೇಳಿದ್ರಿಲ್ಲ? ನೆಲನೆಲ್ಲಿ. ನಮ್ಮ ಅತ್ತಿ ನನ್ನ ಕಿವ್ಯಾಗ ಹೇಳಿದ ಹೆಸರು. ಇನ್ನ ನನ್ನ ಕೈಯಾಗ ಏನೂ ಇಲ್ಲ. ಏನ ಕೊಟ್ರೂ ಹತ್ತೂದಿಲ್ಲ. ಆ ಚೀಟಿ ತಗೊಂಡು ದವಾಖಾನಿಗೆ ನಡೀರಿ. ಲಗೂ ನಡೀರಿ.”

ಅದೇನು ದೊಡ್ಡ ಗುಟ್ಟಲ್ಲ. ನೆಲನೆಲ್ಲಿ ಕಾಮಣಿಗೆ ಒಳ್ಳೆಯದೆಂದು ಇವತ್ತು ಮೊಬೈಲಿನಲ್ಲೇ ಹತ್ತು ಮಂದಿ ಹೇಳುತ್ತಾರೆ. ಅಲ್ಲಿ ಕೂತಿದ್ದವರಲ್ಲಿ ಅರ್ಧಕ್ಕರ್ಧ ಜನ ಕಳೆ ಕೀಳುವಾಗ ಅದನ್ನು ಕಿತ್ತು ಬಿಸಾಕಿದವರೇ. ಆದರೆ ಗಿಡದ ಹೆಸರು ಗೊತ್ತಿರುವುದು ಬೇರೆ, ಔಷಧ ಹಿಡಿದವಳ ಬಾಯಿಂದ ಅದು ಹೊರಬೀಳುವುದು ಬೇರೆ. ಮೆಂತ್ಯವೆಂದು ಅತ್ತು ಹೇಳಿದರೂ ನಂಬದವರು, ಗೂಟದ ಕಥೆ ಹೇಳಿದರೂ ನಂಬದವರು, ಈ ಒಂದು ಮಾತಿಗೆ ಎದ್ದು ನಿಂತರು. ನರೇಗಲ್ಲಿನವನು ಮಗಳನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನ ಕಡೆ ದೊಡ್ಡ ದೊಡ್ಡ ಹೆಜ್ಜೆ ಹಾಕಿದ. ಒಬ್ಬಳು ಹೆಂಗಸು ದರ್ಗಾಕ್ಕೆಂದು ತಂದಿದ್ದ ಬೆಲ್ಲವನ್ನು ಸೆರಗಿಗೆ ವಾಪಸು ಕಟ್ಟಿಕೊಂಡಳು. ಅರ್ಜುನಪ್ಪ ಎಲ್ಲರಿಗಿಂತ ಕೊನೆಗೆ ಎದ್ದ. “ಖತೀಜಾಬಿ ನಿನಗ ಕೊಡಬಾರದಾಗಿತ್ತು” ಎಂದು ಹೇಳಿ ಹೋದ.

ಹತ್ತು ನಿಮಿಷದಲ್ಲಿ ಕಟ್ಟೆ ಬರಿದಾಯಿತು. ಇಮಾಮಸಾಬ ಬಾಗಿಲಲ್ಲಿ ನಿಂತಿದ್ದವನು ಒಳಗೆ ಹೋಗಿ ಅರಳೆ ಹಿಂಜುವ ಯಂತ್ರ ಶುರುಮಾಡಿದ. ಹಸನಬಿಯ ಮೈ ಹಗುರಾಗಿತ್ತು. ಇಷ್ಟು ಸುಲಭವಿತ್ತೇ ಎಂದು ಅವಳಿಗೇ ಆಶ್ಚರ್ಯ. ಗೋಡೆಯ ಕಡೆ ತಿರುಗಿದಳು.

ಭಾರತಿ ಹೊಸ್ತಿಲಿನಿಂದ ಎದ್ದು, ಗೋಡೆ ಹಿಡಿದುಕೊಂಡು ನಿಧಾನಕ್ಕೆ ನಡೆದುಬಂದು ನಿಂತಿದ್ದಳು. ಕಣ್ಣಿನಲ್ಲಿ ಇನ್ನೂ ಸ್ವಲ್ಪ ಹಳದಿ ಉಳಿದಿತ್ತು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಲೆಕ್ಕ ತಪ್ಪಿದ ಶಾಲೆಯ ಹುಡುಗಿ ಮಾಸ್ತರರನ್ನು ಕೇಳುವ ಹಾಗೆ ಕೇಳಿದಳು.

“ಅಷ್ಟs ಇತ್ತೇನು ಹಸನಮ್ಮ? ಒಂದ ಮಾತು?”

ಹಸನಬಿ ಗೋಡೆಯ ಹತ್ತಿರ ಬಂದಳು.

“ಆವತ್ತ ಐತವಾರನೂ ಇಷ್ಟs ಮಂದಿ ಇದ್ದರಲ್ಲ. ಆವತ್ತ ಅದು ನಿನಗ ನೆನಪಾಗಲಿಲ್ಲೇನು?”

ಹೌದು ಎನ್ನಬಹುದಿತ್ತು. ನೆನಪಾಗಲಿಲ್ಲವಾ, ಮುದುಕಿ ನಾನು, ಎಂದು ಅತ್ತಿದ್ದರೆ ಆ ಹುಡುಗಿ ನಂಬುತ್ತಿದ್ದಳು. ನಂಬಿ ಗೋಡೆಯ ಮೇಲಿಂದ ಕೈಚಾಚಿ ಸಮಾಧಾನವನ್ನೂ ಮಾಡುತ್ತಿದ್ದಳು. ಅಂಥ ಹುಡುಗಿ ಅವಳು.

“ನೆನಪಾಗಿತ್ತವಾ” ಎಂದಳು ಹಸನಬಿ. “ಬಾಯಿತನಾ ಬಂದಿತ್ತು. ನೀ ತಲಿ ಬಗ್ಗಿಸಿ ನಿಂತಿದ್ದಿ. ನುಂಗಿದೆ.”

ಭಾರತಿ ಕಿವಿಯ ಮೇಲಿನ ಬಟ್ಟೆ ಸರಿಮಾಡಿಕೊಂಡು, ಗೋಡೆ ಹಿಡಿದುಕೊಂಡೇ ಒಳಗೆ ಹೋದಳು.